ಮುಂದಿನದನ್ನು ಆರಿಸುತ್ತಿರುವವರು ಯಾರು?

ಮಾನ್ಯ ಸಂಪಾದಕರೇ,

ಮೊಬೈಲ್ ಗೀಳಿನ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಹೆಚ್ಚಿನವು ಒಂದೇ ಅಳತೆಗೋಲು ಹಿಡಿದಿರುತ್ತವೆ: ದಿನಕ್ಕೆ ಎಷ್ಟು ಗಂಟೆ? ಐದು ಗಂಟೆಯನ್ನು ಎರಡಕ್ಕೆ ಇಳಿಸಿ, ವಾರಕ್ಕೊಂದು ದಿನ ಫೋನ್ ಮುಟ್ಟಬೇಡಿ, ಮನಸ್ಸು ತಾನಾಗಿ ತಿಳಿಯಾಗುತ್ತದೆ ಎಂಬುದು ಅವುಗಳ ಸಾರ. ಈ ಸಲಹೆಯನ್ನು ನಿಷ್ಠೆಯಿಂದ ಪಾಲಿಸಿದವರಲ್ಲೂ ಎಷ್ಟೋ ಮಂದಿ ತಿಂಗಳು ಕಳೆದ ಮೇಲೂ ತಲೆ ಮಬ್ಬಾಗಿದೆ, ಎರಡು ಪುಟ ಓದಿದರೆ ಮೊದಲನೆಯದು ನೆನಪಿರುವುದಿಲ್ಲ, ಯಾವ ವಿಷಯಕ್ಕೂ ಸ್ವಂತ ಮಾತು ಹೊರಡುವುದಿಲ್ಲ ಎನ್ನುತ್ತಾರೆ. ಅವರನ್ನು ದುರ್ಬಲರೆಂದು ದೂರುವುದು ಅನ್ಯಾಯ. ಅವರ ಕೈಗೆ ಕೊಟ್ಟ ಅಳತೆಗೋಲೇ ಸರಿಯಿಲ್ಲ.

ಒಬ್ಬರು ಎರಡು ಗಂಟೆ ಕೂತು ಫೋನಿನಲ್ಲೇ ಒಂದು ದೀರ್ಘ ವರದಿ ಓದಿ, ನಡುನಡುವೆ ಟಿಪ್ಪಣಿ ಮಾಡಿಕೊಂಡರು ಎನ್ನಿ. ಇನ್ನೊಬ್ಬರು ನಲವತ್ತು ನಿಮಿಷ ರೀಲ್ಸ್ ನೋಡಿದರು. ಗಂಟೆಯ ಲೆಕ್ಕದಲ್ಲಿ ಮೊದಲನೆಯವರೇ ತಪ್ಪಿತಸ್ಥರು. ಆದರೆ ಮೊದಲನೆಯವರು ಏನು ಓದಬೇಕು, ಎಲ್ಲಿ ನಿಲ್ಲಬೇಕು, ಯಾವುದನ್ನು ಬರೆದಿಟ್ಟುಕೊಳ್ಳಬೇಕು ಎಂದು ಹತ್ತಾರು ಸಲ ತಾವೇ ತೀರ್ಮಾನಿಸಿದ್ದಾರೆ. ಎರಡನೆಯವರು ನೂರಕ್ಕೂ ಹೆಚ್ಚು ವಿಡಿಯೊ ದಾಟಿದರೂ ಮುಂದಿನದು ಯಾವುದು ಎಂದು ಒಮ್ಮೆಯೂ ಆರಿಸಿಲ್ಲ. ಬುದ್ಧಿ ಮಂಕಾಗುವುದು ಈ ಆರಿಸದಿರುವ ಅಭ್ಯಾಸದಿಂದ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈಗ ಕಣ್ಣ ಮುಂದಿರುವುದನ್ನು ಆರಿಸಿದ್ದು ನಾನೋ, ಬೇರೆ ಯಾರೋ?

ಇದನ್ನು ಪರೀಕ್ಷಿಸುವುದು ಸುಲಭ. ಇಪ್ಪತ್ತು ನಿಮಿಷ ಸ್ಕ್ರೋಲ್ ಮಾಡಿದ ಮೇಲೆ ಫೋನನ್ನು ಬೋರಲು ಹಾಕಿ, ನೋಡಿದ್ದರಲ್ಲಿ ನೆನಪಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಅರವತ್ತೋ ಎಪ್ಪತ್ತೋ ವಿಡಿಯೊ ದಾಟಿದ್ದರೂ ನಾಲ್ಕೈದರ ಆಚೆ ಕೈ ಓಡುವುದು ಕಷ್ಟ. ಆ ನಾಲ್ಕೈದರಲ್ಲಿ ನೀವೇ ಹುಡುಕಿಕೊಂಡು ಹೋದದ್ದು ಎಷ್ಟು ಎಂದು ಗುರುತು ಹಾಕಿ. ಈ ಒಂದು ಹಾಳೆ ಯಾವ ಸ್ಕ್ರೀನ್ ಟೈಮ್ ಅಂಕಿಗಿಂತಲೂ ಹೆಚ್ಚು ಹೇಳುತ್ತದೆ.

ಹೀಗಾಗಲು ಕಾರಣ ಬಳಕೆದಾರರ ಸೋಮಾರಿತನ ಎಂದು ತಿಳಿಯಬಾರದು. ಮೊದಲು ಪುಟಕ್ಕೆ ಕೊನೆ ಎಂಬುದೊಂದು ಇತ್ತು. ಕೊನೆ ಬಂದಾಗ ಇನ್ನೂ ಬೇಕೇ, ಸಾಕೇ ಎಂಬ ಪ್ರಶ್ನೆ ತಾನಾಗಿ ಏಳುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯಿಲ್ಲದ ಸ್ಕ್ರೋಲ್ ರೂಪಿಸಿದರು. ಮುಂದೆ ಅವರೇ ಅದರ ಬಗ್ಗೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಆಮೇಲೆ ಬಂದ ಆಟೊಪ್ಲೇ, ‘ಮುಂದಿನ ವಿಡಿಯೊ ಹಾಕಲೇ?’ ಎಂದು ಕೇಳುವ ಸೌಜನ್ಯವನ್ನೂ ತೆಗೆದುಹಾಕಿತು. ಇದರ ಕೆಳಗಿರುವ ತತ್ವ ಇನ್ನೂ ಹಳೆಯದು. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡದ್ದು ಇಷ್ಟು: ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದರೆ, ಕಾಳು ನಿಂತ ಮೇಲೆ ಹಕ್ಕಿ ಬೇಗ ಬಿಟ್ಟುಬಿಡುತ್ತದೆ, ಎಷ್ಟನೆಯ ಕುಕ್ಕಿಗೆ ಸಿಗುತ್ತದೆ ಎಂಬುದು ಗೊತ್ತಾಗದಂತಿದ್ದರೆ ಬಿಡದೆ ಕುಕ್ಕುತ್ತಲೇ ಇರುತ್ತದೆ. ಹತ್ತು ಸಪ್ಪೆ ವಿಡಿಯೊ ಆದ ಮೇಲೆ ಬರುವ ಒಂದು ಒಳ್ಳೆಯ ವಿಡಿಯೊ ಮಾಡುವ ಕೆಲಸವೂ ಅದೇ.

ಹೆಬ್ಬೆರಳನ್ನೇ ಒಂದು ನಿಮಿಷ ಗಮನಿಸಿ ನೋಡಿ. ವಿಡಿಯೊ ಶುರುವಾಗುತ್ತದೆ, ಮುಖವೊಂದು ಬಾಯಿ ತೆರೆಯುತ್ತದೆ, ಅದು ಏನು ಹೇಳಲಿದೆ ಎಂದು ತಿಳಿಯುವ ಮುಂಚೆಯೇ ಬೆರಳಿನ ತುದಿ ಗಾಜಿನ ಕೆಳಭಾಗಕ್ಕೆ ಬಂದು ಕೂತಿರುತ್ತದೆ. ತಳ್ಳುವ ಮುನ್ನ ‘ಬೇಡ’ ಎಂಬ ಯೋಚನೆ ಬಂದಿರುವುದಿಲ್ಲ. ತಳ್ಳಿದ ಮೇಲೆ ‘ಬೇಕಿರಲಿಲ್ಲ’ ಎಂದೂ ಅನಿಸುವುದಿಲ್ಲ. ತೀರ್ಮಾನ ಇರಬೇಕಾದ ಜಾಗದಲ್ಲಿ ಬರೀ ಚಲನೆ ಇದೆ. ದಿನಕ್ಕೆ ಇನ್ನೂರು ಮುನ್ನೂರು ಸಲ ಹೀಗೆ ಮಾಡಿದ ಮನಸ್ಸು, ಪುಸ್ತಕದ ಕಷ್ಟದ ಪ್ಯಾರಾ ಎದುರಾದಾಗಲೂ ಅದೇ ಚಲನೆಯನ್ನು ಹುಡುಕುತ್ತದೆ.

ಇನ್ನೊಂದು ನಷ್ಟ ಗಮನದ್ದು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮತ್ತೊಂದಕ್ಕೆ ಹಾರಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಒಂದೇ ಪರದೆಯ ಮೇಲೆ ಜನ ಎಷ್ಟು ಹೊತ್ತು ಗಮನ ಇಡುತ್ತಾರೆ ಎಂಬುದನ್ನು ವರ್ಷಗಟ್ಟಲೆ ಅಳೆದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಅವರ ಲೆಕ್ಕದಲ್ಲಿ 2004ರಲ್ಲಿ ಅದು ಸರಾಸರಿ ಎರಡೂವರೆ ನಿಮಿಷ ಇತ್ತು; ಈಚಿನ ವರ್ಷಗಳಲ್ಲಿ 47 ಸೆಕೆಂಡಿಗೆ ಇಳಿದಿದೆ. ಅಂಟಿಕೊಂಡ ಚೂರುಗಳು ಕೊಡವಿಹೋಗಲು ಬಿಡುವೇ ಇಲ್ಲ. ಜನ ‘ತಲೆ ಮಬ್ಬು’ ಎನ್ನುವುದರಲ್ಲಿ ಬಹುಪಾಲು ಇದೇ ಇರುತ್ತದೆ.

ಇನ್ನು ಸ್ವಂತ ವಿಚಾರದ ಸಂಗತಿ. ಒಂದು ಸುದ್ದಿ ಓದುವ ಮೊದಲೇ ಅದರ ಕೆಳಗಿನ ಕಾಮೆಂಟಿಗೆ ಹೋಗುವವರು ಎಷ್ಟು ಮಂದಿ ಇದ್ದಾರೆಂದು ಯಾರನ್ನು ಕೇಳಿದರೂ ಗೊತ್ತಾಗುತ್ತದೆ. ಸಂಗತಿಗಿಂತ ಮುಂಚೆ ತೀರ್ಪು ಕಿವಿಗೆ ಬಿದ್ದರೆ, ಆಮೇಲೆ ಓದುವುದೆಲ್ಲ ಆ ತೀರ್ಪಿಗೆ ಸಾಕ್ಷಿ ಹುಡುಕುವ ಕೆಲಸವಾಗುತ್ತದೆ. ಇದರ ಜೊತೆಗೆ ಪದೇ ಪದೇ ಕೇಳಿದ ಮಾತು ನಿಜವೆಂದು ತೋರುವ ದೋಷವೂ ಸೇರಿಕೊಳ್ಳುತ್ತದೆ. ಹ್ಯಾಶರ್, ಗೋಲ್ಡ್‌ಸ್ಟೀನ್, ಟೊಪ್ಪಿನೊ ಎಂಬ ಮೂವರು ಇದನ್ನು 1977ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಆ ಪ್ರಯೋಗದಲ್ಲಿ ಒಂದೇ ಹೇಳಿಕೆ ಎರಡು ವಾರಗಳ ಅಂತರದಲ್ಲಿ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಇಂದು ಅದು ಒಂದೇ ಸಂಜೆ ಐದು ಗುಂಪುಗಳಿಂದ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲ ಮೂರು ದಿನ ಏನನ್ನೂ ಬಿಡಬೇಡಿ, ಬರೀ ಬರೆದಿಡಿ. ಒಂದು ಸಣ್ಣ ಕಾಗದ, ಒಂದು ಪೆನ್ಸಿಲ್ ಫೋನಿನ ಜೊತೆಗೇ ಇರಲಿ. ಫೋನ್ ಕೈಗೆತ್ತಿಕೊಂಡಾಗಲೆಲ್ಲ ಒಂದು ಅಕ್ಷರ: ಕೆಲಸಕ್ಕೆ ತೆಗೆದಿದ್ದರೆ ‘ಕೆ’, ಯಾರಾದರೂ ಕರೆದದ್ದಕ್ಕೆ ತೆಗೆದಿದ್ದರೆ ‘ಕ’, ಸುಮ್ಮನೆ ತೆಗೆದಿದ್ದರೆ ‘ಸು’. ‘ಸು’ ಇದ್ದಲ್ಲಿ ಅದರ ಹಿಂದಿನ ಕ್ಷಣ ಏನು ನಡೆದಿತ್ತು ಎಂದು ಎರಡೇ ಪದ: ‘ಕೆಲಸ ಕಷ್ಟ’, ‘ಕಾಯುತ್ತಿದ್ದೆ’, ‘ಬೇಜಾರು’, ‘ಮಲಗುವ ಮುಂಚೆ’. ಮೂರನೆಯ ದಿನದ ಹೊತ್ತಿಗೆ ನಿಮ್ಮ ‘ಸು’ಗಳು ಎರಡು ಮೂರು ಜಾಗದಲ್ಲಿ ಗುಂಪುಗೂಡಿರುವುದು ಕಾಣುತ್ತದೆ. ಕೆಲಸ ಮಾಡಬೇಕಾಗಿರುವುದು ಆ ಜಾಗಗಳಲ್ಲಿ ಮಾತ್ರ. ಇದನ್ನು ಬಿಟ್ಟು ನೇರವಾಗಿ ಆ್ಯಪ್ ಅಳಿಸಲು ಹೊರಟವರು ಬಾಗಿಲು ಗೊತ್ತಿಲ್ಲದೆ ಬೀಗ ಕೊಂಡವರಂತೆ.

ನಾಲ್ಕನೆಯ ದಿನ ಫೋನಿನ ಕಡೆ ತಿರುಗಿ. ಇದಕ್ಕೆ ಒಂದು ಗಂಟೆ ಸಾಕು. ಮನುಷ್ಯರು ನೇರವಾಗಿ ನಿಮಗೆ ಕಳಿಸುವ ಸಂದೇಶ, ಕರೆ, ಬ್ಯಾಂಕಿನ ಸೂಚನೆ ಇಷ್ಟನ್ನು ಬಿಟ್ಟು ಉಳಿದೆಲ್ಲ ನೋಟಿಫಿಕೇಶನ್ ಆಫ್ ಮಾಡಿ. ಐಕಾನ್ ಮೇಲಿನ ಕೆಂಪು ಅಂಕಿಯನ್ನೂ ತೆಗೆಯಿರಿ, ಶಬ್ದ ಇಲ್ಲದಿದ್ದರೂ ಅದು ಕರೆಯುತ್ತಲೇ ಇರುತ್ತದೆ. ವಾಟ್ಸ್ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿದರೆ ಸಾಲದು, ಆರ್ಕೈವ್ ಮಾಡಿ. ಆಗ ಹೊಸ ಸಂದೇಶ ಬಂದರೂ ಪಟ್ಟಿಯ ತಲೆಗೆ ಏರುವುದಿಲ್ಲ. ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ಸೆಟ್ಟಿಂಗ್ಸ್‌ನ ಸ್ಟೋರೇಜ್ ಮತ್ತು ಡೇಟಾ ಭಾಗದಲ್ಲಿ ನಿಲ್ಲಿಸಿ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿಯನ್ನು ಅಳಿಸಿ, ಆಮೇಲೆ ನಿಲ್ಲಿಸಿದರೆ ಮುಖಪುಟದ ಶಿಫಾರಸುಗಳು ಖಾಲಿಯಾಗುತ್ತವೆ. ಬೇಕಾದದ್ದನ್ನು ಹೆಸರು ಬರೆದು ಹುಡುಕಬೇಕಾಗುತ್ತದೆ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಫಲ ಕೊಡುವ ಬದಲಾವಣೆ ಇದು, ಏಕೆಂದರೆ ಆರಿಸುವ ಕೆಲಸ ಮರಳಿ ನಿಮ್ಮ ಕೈಗೆ ಬರುತ್ತದೆ. ಆಟೊಪ್ಲೇ ಗುಂಡಿಯನ್ನೂ ಆಫ್ ಮಾಡಲು ಮರೆಯಬೇಡಿ.

ಪರದೆಯನ್ನು ಕಪ್ಪುಬಿಳುಪು ಮಾಡುವುದು ಎರಡನೆಯ ಸಾಲಿನ ಉಪಾಯ. ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಕ್ಸೆಸಿಬಿಲಿಟಿಯೊಳಗೆ ಬಣ್ಣಕ್ಕೆ ಸಂಬಂಧಿಸಿದ ಆಯ್ಕೆಯಲ್ಲಿ ಗ್ರೇಸ್ಕೇಲ್ ಸಿಗುತ್ತದೆ. ಐಫೋನಿನಲ್ಲಿ ಆ್ಯಕ್ಸೆಸಿಬಿಲಿಟಿ, ಡಿಸ್‌ಪ್ಲೇ ಆ್ಯಂಡ್ ಟೆಕ್ಸ್ಟ್ ಸೈಜ್, ಕಲರ್ ಫಿಲ್ಟರ್ಸ್ ಎಂಬ ದಾರಿ. ಕೆಲವರಿಗೆ ಇದು ಒಳ್ಳೆಯ ಕಡಿವಾಣ, ಇನ್ನು ಕೆಲವರಿಗೆ ವಾರದಲ್ಲಿ ಅಭ್ಯಾಸವಾಗಿಬಿಡುತ್ತದೆ. ಇದನ್ನೊಂದೇ ನೆಚ್ಚಬಾರದು.

ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಮೊದಲೇ ತಿಳಿದಿರಬೇಕು. ಆ್ಯಪ್ ಟೈಮರ್ ಹಾಕಿದವರು ಸೋಲುವುದು ಅದರಲ್ಲೇ ಇರುವ ‘ಇವತ್ತಿಗೆ ಬಿಡಿ’ ಎನ್ನುವಂಥ ಗುಂಡಿಯಿಂದ. ಮೂರನೆಯ ದಿನಕ್ಕೆ ಆ ಗುಂಡಿಯೂ ಸ್ಕ್ರೋಲಿನಷ್ಟೇ ಯಾಂತ್ರಿಕವಾಗುತ್ತದೆ. ಐಫೋನಿನಲ್ಲಾದರೆ ಸ್ಕ್ರೀನ್ ಟೈಮ್ ಪಾಸ್‌ಕೋಡನ್ನು ಮನೆಯವರೊಬ್ಬರು ಹಾಕಿಟ್ಟುಕೊಂಡರೆ ಆ ದಾರಿ ಮುಚ್ಚುತ್ತದೆ. ಆ್ಯಪ್ ಅಳಿಸಿದವರು ಬ್ರೌಸರಿನಲ್ಲಿ ಅದೇ ತಾಣ ತೆರೆಯುತ್ತಾರೆ; ಅಲ್ಲಿ ಪ್ರತಿ ಸಲ ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಉಳಿಸಲು ಬ್ರೌಸರಿಗೆ ಬಿಡದೆ, ಉದ್ದನೆಯ ಪಾಸ್‌ವರ್ಡೊಂದನ್ನು ಕಾಗದದಲ್ಲಿ ಬರೆದು ಬೇರೆ ಕೋಣೆಯಲ್ಲಿಡಿ. ಎದ್ದು ಹೋಗಿ ತರಬೇಕಾದ ಆ ಇಪ್ಪತ್ತು ಹೆಜ್ಜೆಯೊಳಗೆ ಅರ್ಧಕ್ಕರ್ಧ ಸಲ ಆಸೆ ಇಳಿದಿರುತ್ತದೆ. ಫೋನು ಬಿಟ್ಟವರು ಟಿ.ವಿ.ಗೋ ಲ್ಯಾಪ್‌ಟಾಪಿಗೋ ಜಿಗಿಯುವುದು ಇನ್ನೊಂದು ಸೋಲು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ದಿನವಿಡೀ ಪಾಡ್‌ಕಾಸ್ಟ್ ಕೇಳುವುದು ಮರ್ಯಾದಸ್ಥ ಹವ್ಯಾಸದಂತೆ ಕಂಡರೂ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಶುರುವಾದರೆ ಯೋಚನೆಗೆ ಎಡೆ ಎಲ್ಲಿ?

ಮಲಗುವ ಕೋಣೆಯಿಂದ ಚಾರ್ಜರ್ ಹೊರಗೆ ಹೋಗಲಿ. ಬೆಳಿಗ್ಗೆ ಏಳಲು ಬೇರೆ ಅಲಾರಂ ಗಡಿಯಾರ ಇಟ್ಟುಕೊಳ್ಳಿ. ಕೆಲಸಕ್ಕೆ ಕೂತಾಗ ಫೋನ್ ಮೇಜಿನ ಮೇಲೆ ಬೋರಲು ಬಿದ್ದಿದ್ದರೂ ಯೋಚಿಸುವ ಶಕ್ತಿ ಕುಗ್ಗುತ್ತದೆ, ಬೇರೆ ಕೋಣೆಯಲ್ಲಿದ್ದರೆ ಮೇಲು ಎಂದು 2017ರ ಒಂದು ಅಧ್ಯಯನ ಹೇಳಿತು. ಆಮೇಲೆ ಅದನ್ನು ಮರುಪರೀಕ್ಷಿಸಿದ ಎಲ್ಲರಿಗೂ ಅದೇ ಫಲ ಸಿಕ್ಕಿಲ್ಲ. ಆದರೂ ದೂರ ಇಡುವುದರಿಂದ ನಷ್ಟವಂತೂ ಇಲ್ಲ. ಇದಕ್ಕಿಂತ ಗಟ್ಟಿಯಾದದ್ದು 2025ರಲ್ಲಿ ಪ್ರಕಟವಾದ ಪ್ರಯೋಗ. 400ಕ್ಕೂ ಹೆಚ್ಚು ಜನರಿದ್ದ ಅದರಲ್ಲಿ ಎರಡು ವಾರ ಫೋನಿನ ಇಂಟರ್ನೆಟ್ಟನ್ನು ಮಾತ್ರ ತಡೆಯಲಾಯಿತು. ಕರೆ, ಎಸ್ಸೆಮ್ಮೆಸ್ ಇದ್ದವು, ಕಂಪ್ಯೂಟರಿನಲ್ಲಿ ಇಂಟರ್ನೆಟ್ ಬಳಸಬಹುದಿತ್ತು. ಗಮನ ನಿಲ್ಲಿಸುವ ಸಾಮರ್ಥ್ಯ, ಮನಸ್ಸಿನ ಆರೋಗ್ಯ ಎರಡೂ ಸುಧಾರಿಸಿದವು. ಅನೇಕರಿಗೆ ಎರಡು ವಾರ ಪೂರ್ತಿ ನಿಭಾಯಿಸಲಾಗಲಿಲ್ಲ ಎಂಬುದೂ ಅಷ್ಟೇ ನಿಜ. ಹಾಗಾಗಿ ಇಂಟರ್ನೆಟ್ ಬಿಟ್ಟು ಸನ್ಯಾಸಿಯಾಗುವ ಅಗತ್ಯವಿಲ್ಲ. ಅದು ಜೇಬಿನಿಂದ ಇಳಿದು ಒಂದು ಮೇಜಿಗೆ, ಒಂದು ಕುರ್ಚಿಗೆ ಹೋದರೂ ದೊಡ್ಡ ವ್ಯತ್ಯಾಸವಾಗುತ್ತದೆ.

ಮೊದಲ ವಾರ ಹಿತವಾಗಿರುವುದಿಲ್ಲ. ಕೈ ಜೇಬಿಗೆ ಹೋಗುತ್ತದೆ, ಫೋನ್ ಅದುರದಿದ್ದರೂ ಅದುರಿದಂತೆ ಭಾಸವಾಗುತ್ತದೆ, ಸಿಡಿಮಿಡಿ ಹೆಚ್ಚುತ್ತದೆ. ಸುಮ್ಮನೆ ಕೂರುವುದು ಮನುಷ್ಯರಿಗೆ ಎಷ್ಟು ಕಷ್ಟ ಎಂಬುದಕ್ಕೆ 2014ರ ಒಂದು ಪ್ರಯೋಗ ಸಾಕ್ಷಿ. 15 ನಿಮಿಷ ಒಂಟಿಯಾಗಿ ಯೋಚಿಸುತ್ತ ಕೂತಿರಿ, ಬೇಕೆನಿಸಿದರೆ ಗುಂಡಿ ಒತ್ತಿ ವಿದ್ಯುತ್ ಆಘಾತ ಪಡೆಯಬಹುದು ಎಂದಾಗ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿದರು. ಈ ಆಘಾತ ತಪ್ಪಿಸಿಕೊಳ್ಳಲು ದುಡ್ಡು ಕೊಡಲೂ ಸಿದ್ಧ ಎಂದು ಮೊದಲು ಹೇಳಿದ್ದವರೇ ಅವರು! ಆದ್ದರಿಂದ ಚಡಪಡಿಕೆ ಬಂದರೆ ಸೋತೆ ಎಂದುಕೊಳ್ಳಬೇಡಿ. ದಿನಕ್ಕೆ ಐದು ನಿಮಿಷದಿಂದ ಶುರುಮಾಡಿ, ಎರಡು ಮೂರು ದಿನಕ್ಕೊಮ್ಮೆ ಎರಡೆರಡು ನಿಮಿಷ ಕೂಡಿಸುತ್ತ ಇಪ್ಪತ್ತಕ್ಕೆ ತನ್ನಿ. ಕೂರಲಾಗದಿದ್ದರೆ ಫೋನಿಲ್ಲದೆ ನಡೆಯಿರಿ. ಮೊದಲ ಏಳೆಂಟು ನಿಮಿಷ ನೋಡಿದ ವಿಡಿಯೊಗಳ ತುಣುಕುಗಳೇ ತಲೆಯಲ್ಲಿ ಸುತ್ತುತ್ತವೆ, ಆಮೇಲೆ ಬಾಕಿ ಉಳಿದ ಕೆಲಸಗಳು ಬರುತ್ತವೆ, ಅವೂ ಸರಿದ ಮೇಲೆ ನಿಮ್ಮವೇ ಆದ ಪ್ರಶ್ನೆಗಳು ತಲೆ ಎತ್ತುತ್ತವೆ. ಏಳನೆಯ ನಿಮಿಷಕ್ಕೇ ಎದ್ದುಬಿಡುವವರು ಅಲ್ಲಿಗೆ ತಲುಪುವುದೇ ಇಲ್ಲ.

ಇಷ್ಟಾದರೂ ಆಗಿರುವುದು ಜಾಗ ತೆರವು ಮಾತ್ರ. ಬರಿದಾದ ಸಮಯವನ್ನು ಹಾಗೇ ಬಿಟ್ಟರೆ ಮನಸ್ಸು ತಿಳಿಯಾಗುವುದಿಲ್ಲ, ಹಳೆಯದೇ ಮರಳಿ ಬಂದು ತುಂಬಿಕೊಳ್ಳುತ್ತದೆ. ಫೋನ್ ಉಪವಾಸದ ಸಲಹೆಗಳು ಕೈಬಿಡುವುದು ಇಲ್ಲೇ. ಸ್ಕ್ರೋಲ್ ಕಸಿದುಕೊಂಡದ್ದು ನಾಲ್ಕು ಕೆಲಸಗಳನ್ನು: ಆರಿಸುವುದು, ನೆನಪಿನಿಂದ ಹೊರತೆಗೆಯುವುದು, ವಿವರಿಸುವುದು, ಬೇರೆಯವರ ಮಾತು ಕೇಳುವ ಮೊದಲು ತಾನೇ ತೂಗಿ ನೋಡುವುದು. ಇವನ್ನು ಒಂದೊಂದಾಗಿ ಮತ್ತೆ ಮಾಡಿಯೇ ಗಳಿಸಬೇಕು.

ನೆನಪಿನಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಅದರ ಪ್ರಗತಿ ಕಣ್ಣಿಗೆ ಕಾಣುತ್ತದೆ. ಕಾಗದದ ಮೇಲೆ ಅಚ್ಚಾದ ಏನನ್ನಾದರೂ, ಈ ಪತ್ರಿಕೆಯ ಒಂದು ದೀರ್ಘ ಲೇಖನವಾದರೂ ಸರಿ, ಇಪ್ಪತ್ತು ನಿಮಿಷ ಓದಿ. ಮುಚ್ಚಿ. ಐದು ನಿಮಿಷ, ಓದಿದ್ದನ್ನು ನೋಡದೆ ಬರೆಯಿರಿ: ಲೇಖಕರು ಹೇಳಿದ್ದೇನು, ಯಾವ ಆಧಾರ ಕೊಟ್ಟರು, ಎಲ್ಲಿ ನನಗೆ ಒಪ್ಪಿಗೆಯಾಗಲಿಲ್ಲ. ಆಮೇಲೆ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಸೇರಿಸಿ. ಮರುದಿನ ಹೊಸ ಓದು ಶುರುಮಾಡುವ ಮುನ್ನ ಹಿಂದಿನ ದಿನದ್ದನ್ನು ಎರಡು ನಿಮಿಷ ಬಾಯಲ್ಲಿ ಹೇಳಿಕೊಳ್ಳಿ. ಏಳನೆಯ ದಿನ ಒಮ್ಮೆ ಮತ್ತೆ ಬರೆಯಿರಿ. ಮೊದಮೊದಲು ಮೂರು ಸಾಲು ಬಂದರೆ ಹೆಚ್ಚು. ಆಗ ಜನ ಮಾಡುವ ತಪ್ಪೆಂದರೆ, ಬರೆಯುವಾಗಲೇ ಪುಟ ತೆರೆದು ನೋಡಿಬಿಡುವುದು. ಅದು ನಕಲು ಮಾಡಿದಂತೆ. ನೆನಪಾಗದೆ ತಡಕಾಡುವ ಆ ಅರ್ಧ ನಿಮಿಷದಲ್ಲೇ ನೆನಪು ಗಟ್ಟಿಯಾಗುವುದು. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದ್ದೂ ಇದನ್ನೇ: ಪಾಠವನ್ನು ಎರಡನೆಯ ಸಲ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಒಂದು ವಾರದ ನಂತರ, ನೋಡದೆ ನೆನಪಿಸಿಕೊಂಡು ಬರೆದವರು 56 ಪ್ರತಿಶತ ಉಳಿಸಿಕೊಂಡರೆ ಮರಳಿ ಓದಿದವರಲ್ಲಿ ಉಳಿದದ್ದು 42. ಸಾಲುಗಳ ಮೇಲೆ ಹಳದಿ ಬಳಿಯುವುದರಿಂದಲೂ ಇಂಥದೇ ಭ್ರಮೆ ಹುಟ್ಟುತ್ತದೆ. ಕಣ್ಣಿಗೆ ಪರಿಚಿತವಾದದ್ದನ್ನು ಮನಸ್ಸು ‘ಗೊತ್ತು’ ಎಂದುಕೊಳ್ಳುತ್ತದೆ.

ಇಪ್ಪತ್ತು ನಿಮಿಷ ಕೂರಲಾಗದವರು ಎಂಟಕ್ಕೆ ಇಳಿಸಿಕೊಳ್ಳಲಿ, ಆದರೆ ಆ ಎಂಟರಲ್ಲಿ ಎದ್ದೇಳಬಾರದು. ಓದುವಾಗ ಏನೋ ಹುಡುಕಬೇಕೆನಿಸಿದರೆ ಪಕ್ಕದ ಚೀಟಿಯಲ್ಲಿ ಬರೆದಿಟ್ಟು ಮುಂದುವರಿಯಿರಿ. ಕೊನೆಯಲ್ಲಿ ಆ ಚೀಟಿ ನೋಡಿದಾಗ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರವೇ ಬೇಕಿರುವುದಿಲ್ಲ.

ವಿವರಿಸುವ ಅಭ್ಯಾಸಕ್ಕೆ ಸೈಕಲ್ಲಿಗಿಂತ ಒಳ್ಳೆಯ ಗುರು ಇಲ್ಲ. ಒಂದು ಖಾಲಿ ಹಾಳೆಯಲ್ಲಿ, ನೋಡದೆ, ಸೈಕಲ್ ಬಿಡಿಸಿ: ಎರಡು ಚಕ್ರ, ಚೌಕಟ್ಟಿನ ಕೊಳವೆಗಳು, ಪೆಡಲ್, ಚೈನು. ಹುಟ್ಟಿನಿಂದ ನೋಡುತ್ತ ಬಂದವರೂ ಚೈನನ್ನು ಎರಡೂ ಚಕ್ರಗಳಿಗೆ ಸುತ್ತಿಸಿಬಿಡುತ್ತಾರೆ. ಇನ್ನು ಕೆಲವರು ಮುಂದಿನ ಮತ್ತು ಹಿಂದಿನ ಚಕ್ರದ ನಡುಗಳನ್ನು ನೇರ ಕೊಳವೆಯಿಂದ ಜೋಡಿಸುತ್ತಾರೆ. ಹಾಗಿದ್ದರೆ ಹ್ಯಾಂಡಲ್ ತಿರುಗುವುದೇ ಇಲ್ಲ. ಪೆಡಲ್ ಎಲ್ಲೋ ಗಾಳಿಯಲ್ಲಿ ತೇಲುತ್ತಿರುತ್ತದೆ. ‘ಸೈಕಲ್ ಗೊತ್ತು’ ಎಂದದ್ದು, ಅದರ ಚಿತ್ರ ಗೊತ್ತು ಎಂದಷ್ಟೇ ಆಗಿತ್ತು. ರೋಜೆನ್‌ಬ್ಲಿಟ್ ಮತ್ತು ಕೀಲ್ 2002ರಲ್ಲಿ ಜಿಪ್, ಬೀಗದಂಥ ದಿನಬಳಕೆಯ ವಸ್ತುಗಳ ಬಗ್ಗೆ ಇದನ್ನೇ ಕಂಡರು: ಹೇಗೆ ಕೆಲಸ ಮಾಡುತ್ತದೆ ಎಂದು ಹಂತಹಂತವಾಗಿ ಬರೆಯಿರಿ ಎಂದ ಮೇಲೆ ಜನ ತಮ್ಮ ತಿಳಿವಳಿಕೆಗೆ ತಾವೇ ಕೊಟ್ಟಿದ್ದ ಅಂಕವನ್ನು ಇಳಿಸಿಕೊಂಡರು. ವಾರಕ್ಕೆ ಎರಡು ಸಲ ಒಂದು ವಸ್ತುವನ್ನೋ ವ್ಯವಸ್ಥೆಯನ್ನೋ ಆರಿಸಿ ಹತ್ತು ನಿಮಿಷ ಹೀಗೆ ಬರೆಯಿರಿ. ನಲ್ಲಿಯ ನೀರು ತಿರುಗಣೆಯಿಂದ ಹೇಗೆ ನಿಲ್ಲುತ್ತದೆ, ಬಡ್ಡಿದರ ಏರಿದರೆ ಸಾಲದ ಕಂತು ಏಕೆ ಬದಲಾಗುತ್ತದೆ. ಪೆನ್ನು ನಿಂತ ಜಾಗಕ್ಕೆ ಒಂದು ಗುರುತು ಹಾಕಿ, ಆಮೇಲೆ ಆ ಒಂದು ಜಾಗವನ್ನು ಮಾತ್ರ ಹುಡುಕಿ ತಿಳಿದುಕೊಳ್ಳಿ.

ಅಭಿಪ್ರಾಯದ ವಿಷಯದಲ್ಲಿ ಕ್ರಮವೇ ಮುಖ್ಯ. ಚರ್ಚೆಯಲ್ಲಿರುವ ಒಂದು ವಿಷಯದ ಬಗ್ಗೆ ಸಂಗತಿ ಓದಿದ ಮೇಲೆ, ಸಂಪಾದಕೀಯ, ಕಾಮೆಂಟು, ವಿಶ್ಲೇಷಣೆಯ ವಿಡಿಯೊ ಇವುಗಳಿಗೆ ಹೋಗುವ ಮುನ್ನ ಮೂರು ಸಾಲು ಬರೆಯಿರಿ. ಮೊದಲನೆಯದು, ನನಗೆ ಅನಿಸುವುದೇನು. ಎರಡನೆಯದು, ಅದು ನೂರಕ್ಕೆ ಎಷ್ಟು ಖಚಿತ. ಮೂರನೆಯದು, ಏನು ತಿಳಿದುಬಂದರೆ ಮನಸ್ಸು ಬದಲಾಯಿಸುತ್ತೇನೆ. ಮೂರನೆಯ ಸಾಲಿಗೇ ಹೆಚ್ಚಿನವರು ತಡವರಿಸುವುದು. ಏನೂ ಹೊಳೆಯದಿದ್ದರೆ ಆ ಅಭಿಪ್ರಾಯ ಎಲ್ಲಿಂದಲೋ ಕಡ ತಂದದ್ದಾಗಿರುವ ಸಂಭವ ಹೆಚ್ಚು. ಇನ್ನೊಂದು ಪರೀಕ್ಷೆ: ಬರೆದದ್ದರಲ್ಲಿ ಎಲ್ಲರೂ ಬಳಸುವ ಘೋಷಣೆಯ ಪದಗಳಿದ್ದರೆ ಹೊಡೆದುಹಾಕಿ, ಹತ್ತು ವರ್ಷದ ಮಗುವಿಗೆ ಹೇಳುವಂತೆ ಮತ್ತೆ ಬರೆಯಿರಿ. ಪದ ಹೋದ ಕೂಡಲೇ ವಾದವೂ ಕುಸಿದರೆ ಅಲ್ಲಿ ಇದ್ದದ್ದು ಪದ ಮಾತ್ರ. ಆಮೇಲೆ ಬೇರೆಯವರು ಬರೆದದ್ದನ್ನು ಧಾರಾಳವಾಗಿ ಓದಿ. ನಿಮ್ಮ ಅಭಿಪ್ರಾಯ ಬದಲಾದರೂ, ಯಾವ ಕಾರಣಕ್ಕೆ ಬದಲಾಯಿತು ಎಂಬುದು ಕಾಗದದ ಮೇಲಿರುತ್ತದೆ.

ಫಾರ್ವರ್ಡ್ ಸಂದೇಶ ಈ ಅಭ್ಯಾಸಕ್ಕೆ ದಿನವೂ ಸಿಗುವ ಕಚ್ಚಾವಸ್ತು. ‘ಹೊಸ ಸಂಶೋಧನೆ! ದಿನಾ ಹತ್ತು ನಿಮಿಷ ಹೀಗೆ ಮಾಡಿದರೆ ಜನ್ಮದಲ್ಲಿ ಮರೆವು ಬರುವುದಿಲ್ಲ. ವೈದ್ಯರು ಇದನ್ನು ನಿಮಗೆ ಹೇಳುವುದಿಲ್ಲ. ಹತ್ತು ಜನರಿಗೆ ಕಳಿಸಿ’ ಎಂಬ ಧಾಟಿಯದನ್ನು ತೆಗೆದುಕೊಳ್ಳೋಣ. ಸಂಶೋಧನೆ ಎಂದಿದೆ, ಮಾಡಿದವರ ಹೆಸರಿಲ್ಲ, ವರ್ಷವಿಲ್ಲ, ಎಷ್ಟು ಜನರ ಮೇಲೆ ಎಂಬುದಿಲ್ಲ. ‘ಜನ್ಮದಲ್ಲಿ’ ಎಂದಿದೆ, ನಿಜವಾದ ಅಧ್ಯಯನಗಳು ‘ಇಷ್ಟು ಮಂದಿಯಲ್ಲಿ, ಇಷ್ಟು ಮಟ್ಟಿಗೆ’ ಎನ್ನುತ್ತವೆಯೇ ಹೊರತು ಹೀಗೆ ಮಾತಾಡುವುದಿಲ್ಲ. ಕೇಳಿ ತಿಳಿಯಬಹುದಾದ ವೈದ್ಯರನ್ನು ಮೊದಲೇ ಶತ್ರು ಮಾಡಿಟ್ಟಿದೆ. ಕೊನೆಯಲ್ಲಿ ಯೋಚಿಸಲು ಬಿಡುವು ಕೊಡದೆ ಒಂದು ಕೆಲಸ ಹಚ್ಚಿದೆ. ಮೇಲೆ ಎರಡು ಬಾಣದ ಗುರುತಿದ್ದರೆ, ಅದು ಕನಿಷ್ಠ ಐದು ಕೈ ದಾಟಿ ಬಂದದ್ದು ಎಂದು ವಾಟ್ಸ್ಆ್ಯಪ್ಪೇ ಹೇಳುತ್ತಿದೆ. ಕಳಿಸಿದ ಪರಿಚಿತರು ಅದರ ಮೂಲ ಅಲ್ಲ.

ಇಂಥದನ್ನು ಪರಿಶೀಲಿಸುವಾಗ ಬಹಳ ಜನ ಅದೇ ಪುಟವನ್ನು ಮತ್ತೆ ಮತ್ತೆ ಓದುತ್ತಾರೆ, ಅಂದವಾಗಿದೆಯೇ, ಲಾಂಛನ ಇದೆಯೇ ಎಂದು ನೋಡುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಇತಿಹಾಸಕಾರರು, 25 ವಿದ್ಯಾರ್ಥಿಗಳು, 10 ವೃತ್ತಿಪರ ಸತ್ಯಶೋಧಕರು ಜಾಲತಾಣಗಳನ್ನು ಹೇಗೆ ತೂಗುತ್ತಾರೆ ಎಂದು ಹೋಲಿಸಿದಾಗ, ಪಂಡಿತರೂ ಈ ಬಲೆಗೆ ಬಿದ್ದರು. ಸತ್ಯಶೋಧಕರು ಮಾತ್ರ ಪುಟವನ್ನು ಕೂಡಲೇ ಬಿಟ್ಟು, ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ತಾಣದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ಕಡಿಮೆ ಸಮಯದಲ್ಲಿ ಸರಿಯಾದ ತೀರ್ಮಾನಕ್ಕೂ ಬಂದರು. ನೀವೂ ಹಾಗೇ ಮಾಡಿ. ಹೇಳಿಕೆಯ ಮುಖ್ಯ ನಾಲ್ಕೈದು ಪದ ಹುಡುಕಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲ ನೋಡಿ, ಚಿತ್ರವಿದ್ದರೆ ಚಿತ್ರದಿಂದಲೇ ಹುಡುಕುವ ಸೌಲಭ್ಯ ಬಳಸಿ. ಮೂರು ನಿಮಿಷದಲ್ಲಿ ತಿಳಿಯದಿದ್ದರೆ ‘ಗೊತ್ತಿಲ್ಲ’ ಎಂದು ಇಟ್ಟುಕೊಳ್ಳಿ, ಮುಂದೆ ಕಳಿಸಬೇಡಿ. ಗೊತ್ತಿಲ್ಲ ಎನ್ನುವುದೂ ಒಂದು ತೀರ್ಮಾನವೇ.

ಈಗ ಎಐ ಚಾಟ್‌ಬಾಟ್‌ಗಳ ಕಾಲ. ಅವನ್ನು ದೂರವಿಡಿ ಎನ್ನುವುದು ವ್ಯರ್ಥ. ಬಳಸುವ ಕ್ರಮ ಬದಲಾಯಿಸಬಹುದು. ಕೇಳುವ ಮುನ್ನ ಹತ್ತು ನಿಮಿಷ ನಿಮ್ಮ ಉತ್ತರವನ್ನು ಒರಟಾಗಿಯಾದರೂ ಬರೆಯಿರಿ. ಆಮೇಲೆ ‘ಇದರಲ್ಲಿ ತಪ್ಪು ಎಲ್ಲಿದೆ, ಯಾವ ಎದುರುವಾದ ಬಿಟ್ಟಿದ್ದೇನೆ’ ಎಂದು ಕೇಳಿ. ಅದು ಕೊಡುವ ಹೆಸರು, ವರ್ಷ, ಅಂಕಿಗಳನ್ನು ಬೇರೆಡೆ ಪರಿಶೀಲಿಸಿ. ಇಲ್ಲದ್ದನ್ನೂ ಅಷ್ಟೇ ನಿರರ್ಗಳವಾಗಿ ಹೇಳುವ ಗುಣ ಅವಕ್ಕಿದೆ. ಮೊದಲು ಅದನ್ನು ಕೇಳಿ ಆಮೇಲೆ ಯೋಚಿಸಲು ಕೂತರೆ, ಅದು ಹಾಕಿದ ದಾರಿಯ ಆಚೆಗೆ ಯೋಚನೆ ಹೋಗುವುದು ಕಷ್ಟ.

ಎಷ್ಟು ದಿನ ಬೇಕು? 21 ದಿನ ಎಂಬ ಮಾತು ಎಲ್ಲೆಡೆ ಹರಿದಾಡುತ್ತದೆ. ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಸಲೀಸಾಗಲು ಸಾಮಾನ್ಯವಾಗಿ ಹಿಡಿದದ್ದು 66 ದಿನ; ಕೆಲವರಿಗೆ 18 ಸಾಕಾದರೆ ಕೆಲವರ ಲೆಕ್ಕ 254ರವರೆಗೂ ಹೋಯಿತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ಹಾನಿಯಿಲ್ಲ ಎಂಬುದೂ ಅದರಲ್ಲೇ ಕಂಡಿತು. ಆದ್ದರಿಂದ ಒಂದು ರಾತ್ರಿ ಎರಡು ಗಂಟೆ ರೀಲ್ಸ್‌ನಲ್ಲಿ ಕಳೆದುಹೋದರೆ ಮರುದಿನ ಶಿಕ್ಷೆ ವಿಧಿಸಿಕೊಳ್ಳಬೇಡಿ. ಹಿಂದಿನ ದಿನ ಏನು ತಪ್ಪಿತು ಎಂದು ಆ ಮೊದಲ ಕಾಗದದ ರೀತಿಯಲ್ಲೇ ಎರಡು ಪದ ಬರೆದು ಮುಂದುವರಿಯಿರಿ. ಸಾಮಾನ್ಯವಾಗಿ ಅಲ್ಲಿ ಸಿಗುವುದು ನಿದ್ದೆಗೆಟ್ಟ ದಿನ, ಇಲ್ಲವೇ ಮುಂದೂಡಿದ ಕಷ್ಟದ ಕೆಲಸ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಎಲ್ಲ ಮಬ್ಬೂ ಫೋನಿನದಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಖಿನ್ನತೆ ಇವೆಲ್ಲವೂ ಏಕಾಗ್ರತೆಯನ್ನು ಕೆಡಿಸುತ್ತವೆ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆಯಿಲ್ಲ, ಬದುಕೇ ಬೇಡ ಎನಿಸುತ್ತಿದ್ದರೆ ಈ ಪತ್ರದ ಯಾವ ಉಪಾಯವೂ ಮದ್ದಲ್ಲ, ವೈದ್ಯರನ್ನು ಕಾಣಬೇಕು. ಬದುಕು ಬೇಡ ಎನ್ನುವ ಯೋಚನೆ ಬಂದಿದ್ದರೆ ಎರಡು ವಾರ ಕಾಯುವುದೂ ಬೇಡ, ಅಂದೇ ಹೋಗಿ. ಬಾಲ್ಯದಿಂದಲೂ ಗಮನ ನಿಲ್ಲದ ಎಡಿಎಚ್‌ಡಿಯಂಥ ಸ್ಥಿತಿ ಇರುವವರಿಗೆ ‘ಫೋನ್ ಬಿಡು, ಸರಿಹೋಗುತ್ತೆ’ ಎನ್ನುವುದು ನಿಷ್ಕರುಣೆಯಾಗುತ್ತದೆ.

ಕೊನೆಯದಾಗಿ ಪತ್ರಿಕೆಗಳಲ್ಲೇ ಒಂದು ಕೋರಿಕೆ, ಇದನ್ನು ನಿಮ್ಮ ಮೂಲಕ ಎಲ್ಲ ಸಂಪಾದಕರಿಗೂ ತಿಳಿಸಬೇಕೆಂಬ ಆಸೆ. ಅಚ್ಚಿನ ಪುಟದಲ್ಲಿ ಓದುಗರಿಗೆ ಸಿಗುವ ಬಿಡುವು ಸುದ್ದಿತಾಣಗಳಲ್ಲಿ ಸಿಗುತ್ತಿಲ್ಲ. ಲೇಖನ ಮುಗಿದ ಕೂಡಲೇ ಮುಂದಿನದು ತಾನಾಗಿ ತೆರೆದುಕೊಳ್ಳುವುದನ್ನು ನಿಲ್ಲಿಸಿ, ಕೊನೆಯಲ್ಲಿ ಒಂದು ಗೆರೆ, ಅದರ ಕೆಳಗೆ ಆರಿಸಿಕೊಳ್ಳಲು ಮೂರು ಶೀರ್ಷಿಕೆಗಳಿದ್ದರೆ ಸಾಕು. ಪುಟ ತೆರೆದೊಡನೆ ವಿಡಿಯೊ ತಾನೇ ಓಡದಿರಲಿ. ಓದುಗರ ಕಾಮೆಂಟುಗಳು, ಒತ್ತಿದರೆ ಮಾತ್ರ ಕಾಣುವಂತೆ ಲೇಖನದ ತೀರಾ ಕೆಳಗಿರಲಿ. ‘ಏನಾಯಿತು ಗೊತ್ತಾ?’ ಎಂಬ ಶೀರ್ಷಿಕೆಯ ಬದಲು ಏನಾಯಿತು ಎಂಬುದೇ ಶೀರ್ಷಿಕೆಯಲ್ಲಿರಲಿ. ಅಧ್ಯಯನವೊಂದರ ಸುದ್ದಿ ಕೊಡುವಾಗ ಯಾರು ಮಾಡಿದ್ದು, ಯಾವ ವರ್ಷ, ಎಷ್ಟು ಜನರ ಮೇಲೆ ಎಂಬ ಮೂರನ್ನು ಮೊದಲ ಪ್ಯಾರಾದಲ್ಲೇ ಹಾಕಿ. ಇವುಗಳಲ್ಲಿ ಯಾವುದನ್ನು ಮೊದಲು ಮಾಡಲು ಸಾಧ್ಯ ಎಂದು ಇದೇ ಅಂಕಣದಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.

ಇತಿ,
ನಿಮ್ಮ ಪತ್ರಿಕೆಯ ಓದುಗ